ಪದ ಪರಿಚಯ: ವೈಚಾರಿಕ

ಕಳೆದ ವಾರ ನಿವೃತ್ತ ಮೇಷ್ಟರೊಬ್ಬರ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ‘ನಮ್ಮ ಮೇಷ್ಟರು ಎಂಥ ವೈಚಾರಿಕರೆಂದರೆ, ಹೆಂಡತಿ ತೀರಿಕೊಂಡಾಗಲೂ ಒಂದು ಹನಿ ಕಣ್ಣೀರು ಹಾಕಲಿಲ್ಲ’ ಎಂದು ಭಾಷಣಕಾರರೊಬ್ಬರು ಹೊಗಳಿದರು. ಸಭೆ ತಲೆದೂಗಿತು. ಇದೇ ಪದವನ್ನು ಬೈಗುಳವಾಗಿ ಆಡುವವರೂ ಇದ್ದಾರೆ: ‘ಅವನು ವೈಚಾರಿಕ, ಅವನಿಗೆ ಹೆತ್ತವರಾದರೂ ಲೆಕ್ಕವೇ?’ ಹೊಗಳುವವರೂ ತೆಗಳುವವರೂ ಮಾಡುವ ತಪ್ಪು ಒಂದೇ. ವಿಚಾರವನ್ನೂ ಭಾವನೆಯನ್ನೂ ತಕ್ಕಡಿಯ ಎರಡು ತಟ್ಟೆಗಳೆಂದುಕೊಂಡಿದ್ದಾರೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬ ಎಣಿಕೆ. ಇದನ್ನು ಕೇಳಿ ಕೇಳಿ ಸಾಕಾಗಿದೆ.

ಪದವನ್ನೇ ಬಿಡಿಸಿ ನೋಡೋಣ. ‘ಚರ್’ ಎಂದರೆ ನಡೆ, ಸುತ್ತಾಡು. ಸಂಚಾರ, ಪ್ರಚಾರ, ಆಚಾರಗಳಲ್ಲಿರುವುದೂ ಅದೇ ಧಾತು. ‘ವಿ’ ಸೇರಿದರೆ ವಿಚಾರ: ಮನಸ್ಸು ಒಂದು ಸಂಗತಿಯ ಸುತ್ತ ಓಡಾಡಿ ಎಲ್ಲ ಮಗ್ಗುಲಿನಿಂದ ನೋಡುವುದು. ಕಲ್ಲಾಗಿರುವುದು ಎಂಬ ಅರ್ಥ ಇದರ ಯಾವ ಮೂಲೆಯಲ್ಲೂ ಇಲ್ಲ. ಕನ್ನಡವಂತೂ ಈ ಪದವನ್ನು ಮನೆಯೊಳಕ್ಕೇ ಕರೆದುಕೊಂಡಿದೆ. ಆಸ್ಪತ್ರೆಯಲ್ಲಿರುವವರ ಆರೋಗ್ಯ ವಿಚಾರಿಸುತ್ತೇವೆ, ಬಂದ ನೆಂಟರನ್ನು ಚೆನ್ನಾಗಿ ವಿಚಾರಿಸಿಕೊಳ್ಳುತ್ತೇವೆ. ‘ಕಷ್ಟ ಬಂದಾಗ ಒಬ್ಬರೂ ವಿಚಾರಿಸಲಿಲ್ಲ’ ಎಂದು ಸೋದರತ್ತೆ ಕಣ್ಣೊರೆಸಿಕೊಂಡರೆ, ಅಲ್ಲಿ ವಿಚಾರಿಸುವುದೆಂದರೆ ಅಕ್ಕರೆಯೇ. ಇತ್ತ ‘ನೀವು ಬರುವುದಿಲ್ಲವೆಂದು ಭಾವಿಸಿದ್ದೆ’ ಎನ್ನುವಾಗ ಭಾವಿಸುವುದೆಂದರೆ ಬರಿಯ ಊಹೆ, ಆಲೋಚನೆ. ಅಕ್ಕರೆಗೆ ವಿಚಾರಿಸು, ಆಲೋಚನೆಗೆ ಭಾವಿಸು! ಇಷ್ಟು ಹೆಣೆದುಕೊಂಡ ಎರಡು ಮಾತುಗಳ ನಡುವೆ ಗೋಡೆ ಎಬ್ಬಿಸಲು ನಮಗೇಕೆ ಇಷ್ಟು ಹುರುಪು? 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ‘ವೈಜ್ಞಾನಿಕ ಮನೋಭಾವ’ವೂ ಒಂದು. ಆ ಮನೋಭಾವದಲ್ಲೂ ಭಾವ ಇದೆ, ಅದೇ ವಾಕ್ಯದಲ್ಲಿ ಮಾನವೀಯತೆಯೂ ಇದೆ.

ವಿಚಾರಕ್ಕೆ ಎದುರು ನಿಲ್ಲುವ ಪದ ಬೇಕೆಂದರೆ ಅದು ಆವೇಶ. ‘ವಿಶ್’ ಎಂದರೆ ಒಳಹೊಗು, ಪ್ರವೇಶದಲ್ಲಿರುವುದೂ ಅದೇ. ಹೊರಗಿನದೊಂದು ಒಳಹೊಕ್ಕು ನಮ್ಮನ್ನು ಆಡಿಸುವುದು ಆವೇಶ. ಮೊಬೈಲಿಗೆ ಬಂದ ವಿಡಿಯೊ ಎಲ್ಲಿಯದು, ಯಾವ ವರ್ಷದ್ದು ಎಂದು ನೋಡದೆ ಮರುಕ್ಷಣವೇ ಐವತ್ತು ಜನರಿಗೆ ದಾಟಿಸುವುದು ಆವೇಶ. ‘ನಾನು ತರ್ಕವನ್ನಷ್ಟೇ ಮಾತಾಡುತ್ತೇನೆ’ ಎಂದು ಮೇಜು ಗುದ್ದುವುದೂ ಆವೇಶವೇ. ಇದನ್ನೆಲ್ಲ ಭಾವನೆಯ ತಲೆಗೆ ಕಟ್ಟಬಾರದು. ಹಗ್ಗವನ್ನು ಹಾವೆಂದು ಹೆದರಿದವನಲ್ಲಿ ತಪ್ಪಿದ್ದು ಹೆದರಿಕೆಯಲ್ಲ, ನೋಟ. ದೀಪ ತಂದರೆ ಹೆದರಿಕೆ ತಾನಾಗಿ ಇಳಿಯುತ್ತದೆ. ದೀಪದ ಬೆಳಕಿನಲ್ಲೂ ಅದು ಹಾವೇ ಆಗಿದ್ದರೆ ಹೆದರುವುದೇ ವೈಚಾರಿಕ.

ಭಾವನೆಯನ್ನು ತೆಗೆದುಹಾಕಿದರೆ ಶುದ್ಧ ವಿಚಾರ ಉಳಿಯುತ್ತದೆಯೇ? ನರವಿಜ್ಞಾನಿ ಆಂಟೊನಿಯೊ ಡಮಾಸಿಯೊ 1994ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಪೆಟ್ಟಾಗಿದ್ದ ಅವರ ರೋಗಿಗಳ ಭಾವನೆಗಳು ಮಂಕಾಗಿದ್ದವು. ಬುದ್ಧಿಪರೀಕ್ಷೆಯಲ್ಲಿ ಮಾತ್ರ ಕೊರತೆಯಿರಲಿಲ್ಲ. ಅಂಥ ಒಬ್ಬರಿಗೆ ಮುಂದಿನ ಭೇಟಿಗೆ ಎರಡು ದಿನಾಂಕಗಳನ್ನು ಕೊಟ್ಟರು. ಅವರು ದಿನಚರಿ ತೆರೆದು ಹವಾಮಾನ, ಬೇರೆ ಕೆಲಸಗಳು, ಹಿಂದುಮುಂದಿನ ಭೇಟಿಗಳು ಎಂದು ಸುಮಾರು ಅರ್ಧ ಗಂಟೆ ಲೆಕ್ಕ ಹಾಕುತ್ತಲೇ ಇದ್ದರು. ಕೊನೆಗೆ ವೈದ್ಯರೇ ಎರಡನೆಯ ದಿನ ಬನ್ನಿ ಎಂದಾಗ ತಕ್ಷಣ ಒಪ್ಪಿದರು. ಕಾರಣಗಳಿಗೆ ಬರವಿರಲಿಲ್ಲ. ‘ಇಷ್ಟು ಸಾಕು’ ಎಂದು ಒಳಗಿನಿಂದ ಹೇಳುವುದೇ ಇಲ್ಲವಾಗಿತ್ತು.

ನಮ್ಮ ಎಚ್. ನರಸಿಂಹಯ್ಯನವರನ್ನೂ ನೆನೆಯಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ ಭೌತವಿಜ್ಞಾನಿ ಅವರು. ಚಲೇಜಾವ್ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದವರೂ ಅವರೇ. ಜೈಲಿಗೆ ಹೋಗುವಷ್ಟು ಕಿಚ್ಚು ಎದೆ ತಣ್ಣಗಿದ್ದವರಲ್ಲಿ ಹುಟ್ಟುವುದಿಲ್ಲ.

ಇನ್ನು ನಮ್ಮ ಮೇಷ್ಟರು. ಅವರು ಅಳಲಿಲ್ಲ ಎಂಬುದೇ ಸುಳ್ಳು. ಸಭೆಯಲ್ಲಿದ್ದ ಅವರ ಮಗಳಿಗೂ ಅದು ಗೊತ್ತಿತ್ತು. ಹೆಂಡತಿಯ ಕಾಯಿಲೆಯ ದಿನಗಳಲ್ಲಿ ಅವರು ಬರೆದಿಟ್ಟ ನೂರು ಪುಟದ ನೋಟ್‌ಬುಕ್ಕನ್ನು ಆಕೆ ನನಗೆ ತೋರಿಸಿದ್ದಳು. ಜ್ವರ ಯಾವ ಹೊತ್ತಿಗೆ ಎಷ್ಟಿತ್ತು, ಯಾವ ಮಾತ್ರೆಯ ನಂತರ ವಾಂತಿಯಾಯಿತು, ಡಾಕ್ಟರನ್ನು ಏನು ಕೇಳಬೇಕು, ಎಲ್ಲ ಗುಂಡು ಗುಂಡು ಅಕ್ಷರದಲ್ಲಿ. ಒಂದು ಪುಟದಲ್ಲಿ ಅಕ್ಷರ ಸೊಟ್ಟಗಿತ್ತು: ‘ರಾತ್ರಿ 2. ಉಸಿರು ನಿಮಿಷಕ್ಕೆ 28. ಮತ್ತೆ ಎಣಿಸಿದೆ, 28. ಮತ್ತೆ ಎಣಿಸಿದೆ.’