ಗಣತಿಯಲ್ಲಿ ಐದೇ ಮಂದಿ: ಆಂದಿ ನುಡಿಗಳ ಲೆಕ್ಕ ತಪ್ಪಿದ್ದು ಎಲ್ಲಿ?

2010ರ ರಷ್ಯಾ ಜನಗಣತಿಯಲ್ಲಿ ತಮ್ಮನ್ನು ‘ಬಾಗ್ವಲಾಲ್’ ಜನ ಎಂದು ಬರೆಸಿದವರು 5 ಮಂದಿ. ಅದೇ ಗಣತಿಯಲ್ಲಿ ಬಾಗ್ವಲಾಲ್ ನುಡಿ ಬಲ್ಲೆವು ಎಂದವರು ಸುಮಾರು 1,450. ನೆರೆಯ ಅಖ್ವಾಖ್ ಜನರ ಲೆಕ್ಕ ಇದಕ್ಕೆ ತಿರುವುಮುರುವು. ಅಖ್ವಾಖರೆಂದು ಬರೆಸಿದವರು 7,930, ಅಖ್ವಾಖ್ ನುಡಿ ಬಲ್ಲವರೆಂದು ದಾಖಲಾದವರು ಬರೀ ಇನ್ನೂರು ಚಿಲ್ಲರೆ. ಎರಡೂ ಅಂಕಿಗಳನ್ನು ಹಾಗೇ ನಂಬಿದರೆ ಒಂದು ಕಡೆ ಜನರಿಲ್ಲದ ನುಡಿ, ಇನ್ನೊಂದು ಕಡೆ ನುಡಿಯಿಲ್ಲದ ಜನ. ಎರಡೂ ನಿಜವಲ್ಲ. ಈ ಗೊಂದಲದ ಬೇರು ಸುಮಾರು ತೊಂಬತ್ತು ವರ್ಷದಷ್ಟು ಹಳೆಯದು.

ಕಾಕಸಸ್ ಪರ್ವತಗಳ ಈಶಾನ್ಯ ಮಗ್ಗುಲಲ್ಲಿ ರಷ್ಯಾಕ್ಕೆ ಸೇರಿದ ದಾಗೆಸ್ತಾನ್ ಇದೆ. ಅದರ ಪಶ್ಚಿಮದ ಅಂಚಿನಲ್ಲಿ ಆಂದಿ ಕೊಯ್ಸು ನದಿ ಹರಿಯುತ್ತದೆ. ಆ ಕಣಿವೆ ಮತ್ತು ಅದರ ಕವಲುಗಳಲ್ಲಿ ಒಟ್ಟಾಗಿ ಆಂದಿ ಗುಂಪು ಎನ್ನುವ ಎಂಟು ನುಡಿಗಳಿವೆ: ಆಂದಿ, ಬೊತ್ಲಿಖ್, ಗೊದೊಬೆರಿ, ಕರಾತ, ಅಖ್ವಾಖ್, ಬಾಗ್ವಲಾಲ್, ತಿಂದಿ, ಚಮಲಾಲ್. ಇವು ಒಂದೇ ಭಾಷೆಯ ಉಪಭಾಷೆಗಳೆಂದು ಹೊರಗಿನವರು ತಿಳಿಯುವುದುಂಟು. ಆದರೆ ಒಂದು ಊರಿನವರ ಮಾತು ಮೂರನೇ ಊರಿನವರಿಗೆ ತಿಳಿಯದಷ್ಟು ಇವು ದೂರವಾಗಿವೆ. ಬೊತ್ಲಿಖ್ ನುಡಿಗೆ ಇರುವುದು ಬೊತ್ಲಿಖ್ ಮತ್ತು ಮಿಯರ್ಸೊ ಎಂಬ ಎರಡೇ ಹಳೆಯ ಊರು. ಗೊದೊಬೆರಿಗೆ ಗೊದೊಬೆರಿ, ಜಿಬಿರ್ಖಾಲಿ ಮತ್ತೊಂದು ಸಣ್ಣ ಹಳ್ಳಿ.

ಇಷ್ಟು ಸಣ್ಣ ನುಡಿಗಳು ನೂರಾರು ವರ್ಷ ಬಾಳಿದ್ದು ಹೇಗೆ? ಇತರರೊಡನೆ ಬೆರೆಯದೆ ಕುಳಿತಿದ್ದರಿಂದ ಎಂದು ಹೇಳುವುದು ವಾಡಿಕೆ. ಅದು ತಪ್ಪು. ಇಲ್ಲಿ ಒಂದೇ ನುಡಿ ಬಲ್ಲವನು ಬದುಕುವುದೇ ಕಷ್ಟವಿತ್ತು. ಮೇಲಿನ ಊರುಗಳಲ್ಲಿ ಕುರಿ, ಉಣ್ಣೆ, ಗಿಣ್ಣು. ಕೆಳಗಿನ ಊರುಗಳಲ್ಲಿ ಧಾನ್ಯ, ಜರ್ದಾಳು, ದ್ರಾಕ್ಷಿ. ಸಂತೆ ಕೆಳಗೆ, ಚಳಿಗಾಲದ ಮೇವು ಇನ್ನೂ ಕೆಳಗಿನ ಬಯಲಿನಲ್ಲಿ. ಹಾಗಾಗಿ ಮೇಲಿನವರು ಕೆಳಗಿನವರ ಮಾತು ಕಲಿಯುತ್ತಿದ್ದರು, ಕೆಳಗಿನವರಿಗೆ ಮೇಲಿನವರ ಮಾತು ಅಷ್ಟಾಗಿ ಬೇಕಿರಲಿಲ್ಲ. ಆಂದಿ ಊರಿನವರು ಮಾಡುತ್ತಿದ್ದ, ಕುರಿಗಾಹಿಗಳು ಹೆಗಲಿಗೆ ಹೊದೆಯುವ ದಪ್ಪ ಉಣ್ಣೆಯ ಕಪ್ಪು ನಿಲುವಂಗಿ ಕಾಕಸಸ್ಸಿನಲ್ಲೆಲ್ಲ ಹೆಸರುವಾಸಿ. ಅದನ್ನು ಮಾರಲು ಹೊರಟವನಿಗೆ ಎರಡು ಮೂರು ನುಡಿ ಬೇಕೇ ಬೇಕು. ಇವೆಲ್ಲಕ್ಕೂ ಮೇಲೆ, ಊರೂರುಗಳ ನಡುವಿನ ವ್ಯವಹಾರಕ್ಕೆ ದಾಗೆಸ್ತಾನದ ಅತಿ ದೊಡ್ಡ ಜನವಾದ ಅವಾರರ ಭಾಷೆ ಇತ್ತು. ಧರ್ಮ ಮತ್ತು ಪತ್ರಕ್ಕೆ ಅರಬ್ಬೀ. ಮನೆಯ ಮಾತಿನ ಜಾಗಕ್ಕೆ ಮಾತ್ರ ಯಾರೂ ಕೈಹಾಕಲಿಲ್ಲ, ಏಕೆಂದರೆ ಹೆಣ್ಣು ತಂದು ಕೊಡುವುದು ಹೆಚ್ಚಾಗಿ ಊರೊಳಗೇ ನಡೆಯುತ್ತಿತ್ತು.

ಜನರನ್ನು ಕರೆಯುವ ಹೆಸರುಗಳಲ್ಲೂ ಇದು ಕಾಣುತ್ತದೆ. ‘ನೀವು ಯಾವ ಜನ?’ ಎಂದರೆ ಬರುತ್ತಿದ್ದ ಉತ್ತರ ಊರಿನ ಹೆಸರು: ಕ್ವಾನಾದದವರು, ಖುಷ್ತಾದದವರು. ‘ಬಾಗ್ವಲಾಲ್’ ಎಂಬುದು ಅವಾರರು ಇಟ್ಟ ಹೆಸರು. ಗಣತಿಯವನು ಬಂದು ಆ ಹೆಸರು ಕೇಳಿದರೆ ‘ಅದು ನಾವೇ’ ಎಂದು ಎಲ್ಲರಿಗೂ ಅನ್ನಿಸಬೇಕೆಂದೇನೂ ಇಲ್ಲ.

1926ರ ಸೋವಿಯತ್ ಗಣತಿ ಎಂಟನ್ನೂ ಬೇರೆ ಬೇರೆಯಾಗಿ ಎಣಿಸಿತು. ಆಂದಿ 7,840, ಕರಾತ 5,305, ತಿಂದಿ 3,812, ಅಖ್ವಾಖ್ 3,683, ಚಮಲಾಲ್ 3,438, ಬೊತ್ಲಿಖ್ 3,354, ಬಾಗ್ವಲಾಲ್ 3,054, ಗೊದೊಬೆರಿ 1,425. ಒಟ್ಟು 31,911. ಇಷ್ಟು ಬಿಡಿಯಾದ ಲೆಕ್ಕ ಆಮೇಲೆ ಬಹುಕಾಲ ಸಿಗಲಿಲ್ಲ. ಮೂವತ್ತರ ದಶಕದಲ್ಲಿ ಧೋರಣೆ ಬದಲಾಯಿತು. ಸಣ್ಣ ಜನಗಳನ್ನು ‘ದೊಡ್ಡ ಜನಾಂಗ’ಗಳೊಳಗೆ ಸೇರಿಸುವ ಕೆಲಸ ಶುರುವಾಗಿ, 1939ರ ಹೊತ್ತಿಗೆ ಈ ಎಂಟೂ ಅವಾರ್ ಖಾತೆಗೆ ಜಮೆಯಾದವು. ಮುಂದಿನ ಅರ್ಧ ಶತಮಾನ ಅವು ಕಾಗದದ ಮೇಲೆ ಇರಲೇ ಇಲ್ಲ.

ಇದನ್ನು ಓದಿ ನಾವು ಅಚ್ಚರಿಪಡುವಂತಿಲ್ಲ. ನೀಲಗಿರಿಯ ಬಡಗ ನುಡಿ ನಮ್ಮ ಗಣತಿಯಲ್ಲಿ ಕನ್ನಡದ ಅಡಿಯಲ್ಲೇ ಲೆಕ್ಕವಾಗುತ್ತದೆ. 10,000ಕ್ಕಿಂತ ಕಡಿಮೆ ಜನ ಆಡುವ ನುಡಿಗಳ ಹೆಸರು ಭಾರತದ ಪ್ರಕಟಿತ ಪಟ್ಟಿಯಲ್ಲಿ ಬರುವುದೇ ಇಲ್ಲ. ಆ ನಿಯಮ ಹಚ್ಚಿದರೆ 1926ರ ಎಂಟರಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಹೆಸರು ಹೋಗಿದ್ದರ ಪೆಟ್ಟು ಬಿದ್ದದ್ದು ಶಾಲೆಯಲ್ಲಿ. ಖಾತೆಯಲ್ಲಿ ಅವಾರ್ ಎಂದ ಮೇಲೆ ‘ಮಾತೃಭಾಷೆ’ಯ ಪೀರಿಯಡ್‌ನಲ್ಲಿ ಕಲಿಸುವುದೂ ಅವಾರ್. ತಿಂದಿಯ ಮಗುವಿಗೆ ಅದು ಮನೆಯಲ್ಲಿ ಕೇಳದ ಭಾಷೆ. ಅದು ಸ್ವಲ್ಪ ಹಿಡಿತಕ್ಕೆ ಬರುವಷ್ಟರಲ್ಲಿ ಉಳಿದ ಪಾಠಗಳೆಲ್ಲ ರಷ್ಯನ್. ಅಗುಲ್, ರುತುಲ್, ತ್ಸಖುರ್ ಎಂಬ ದಾಗೆಸ್ತಾನದ ಇನ್ನೊಂದು ಗುಂಪಿನ ನುಡಿಗಳಿಗೆ 1990ರಲ್ಲಿ ಲಿಪಿ, ಆಮೇಲೆ ಪಠ್ಯಪುಸ್ತಕ ಬಂದವು. ಅವು ಪ್ರತ್ಯೇಕ ಜನರೆಂದು ಲೆಕ್ಕದಲ್ಲಿ ಉಳಿದಿದ್ದವು. ಆಂದಿ ಗುಂಪು ಉಳಿದಿರಲಿಲ್ಲ, ಆ ಸವಲತ್ತು ಸಿಗಲೂ ಇಲ್ಲ.

ನಡುವೆ 1944. ಫೆಬ್ರವರಿಯಲ್ಲಿ ಚೆಚೆನ್ ಜನರನ್ನೆಲ್ಲ ಸ್ಟಾಲಿನ್ ಸರಕಾರ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. ಖಾಲಿಯಾದ ಊರುಗಳಿಗೆ ದಾಗೆಸ್ತಾನದ ಬೆಟ್ಟದವರನ್ನು ಒತ್ತಾಯದಿಂದ ಇಳಿಸಲಾಯಿತು. 1957ರಲ್ಲಿ ಚೆಚೆನ್ನರು ಮರಳಿದಾಗ ಇವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಕೆಲವರು ಬೆಟ್ಟಕ್ಕೆ ಮರಳಿದರು, ಹಲವರು ಬಯಲಿನಲ್ಲೇ ನೆಲೆನಿಂತರು. ಕಿಜಿಲ್‌ಯುರ್ತ್ ಜಿಲ್ಲೆಯ ಅಕ್ನಾದ ಹೀಗೆ ಇಳಿದು ಬಂದ ತಿಂದಿಯವರ ಊರು. ನುಡಿಗೆ ನಿಜವಾದ ಅಪಾಯ ಇಲ್ಲಿಂದ ಎಂಬುದು ಸ್ಪಷ್ಟ. ಬೆಟ್ಟದ ಸಂತೆಯಲ್ಲಿ ನೆರೆಯವನ ಮಾತು ಕಲಿಯಬೇಕಿತ್ತು. ಬಯಲಿನಲ್ಲಿ ಕುಮಿಕ್, ಲಾಕ್, ಚೆಚೆನ್, ಅವಾರ್ ಎಲ್ಲರೂ ಒಂದೇ ಬೀದಿಯಲ್ಲಿ, ಎಲ್ಲರಿಗೂ ಸಲ್ಲುವ ಮಾತು ರಷ್ಯನ್. ನೆರೆಯವರ ನುಡಿ ಕಲಿಯುವ ಅಗತ್ಯ ಮೊದಲು ಹೋಯಿತು. ಬೇರೆ ಬೇರೆ ನುಡಿಯವರು ಮದುವೆಯಾದ ಮನೆಗಳಲ್ಲಿ ಆಮೇಲೆ ತಮ್ಮ ನುಡಿಯದೂ ಹೋಯಿತು.

2002ರಲ್ಲಿ ಗಣತಿ ಮತ್ತೆ ಈ ಹೆಸರುಗಳಿಗೆ ಅವಕಾಶ ಕೊಟ್ಟಿತು, ಆದರೆ ಅವಾರ್ ಜನರ ಒಳಗುಂಪಾಗಿ. ಆಂದಿ 21,808, ಗೊದೊಬೆರಿ 39, ಬೊತ್ಲಿಖ್ 16, ಚಮಲಾಲ್ 12. ಜನ ಕರಗಿದ್ದಲ್ಲ, ಅವಾರ್ ಎಂದು ಬರೆಸಿದ್ದರು. ಅದಕ್ಕೆ ಕಾರಣವಿತ್ತು. ಆಗ ದಾಗೆಸ್ತಾನವನ್ನು ಆಳುತ್ತಿದ್ದ ರಾಜ್ಯ ಮಂಡಳಿಯಲ್ಲಿ 14 ಮಾನ್ಯ ಜನಗಳಿಗೆ ತಲಾ ಒಂದರಂತೆ 14 ಸ್ಥಾನ. ಆಂದಿ ಗುಂಪಿನ ಯಾವ ಜನಕ್ಕೂ ಅದರಲ್ಲಿ ಪಾಲಿರಲಿಲ್ಲ. ಅವಾರ್ ಎಂದರೆ ಎಣಿಕೆಗೆ ಬರುತ್ತೀರಿ, ಚಮಲಾಲ್ ಎಂದರೆ ಇಲ್ಲ. 2010ರಲ್ಲಿ ಬೊತ್ಲಿಖರು ಏಕಾಏಕಿ 3,508 ಆದದ್ದೂ ಹೆರಿಗೆಯಿಂದಲ್ಲ, ಬರೆಸಿದ ಹೆಸರಿನಿಂದ. ಈ ಪಟ್ಟಿಗಳನ್ನು ನೋಡಿ ‘ಇನ್ನು ಹನ್ನೆರಡೇ ಮಂದಿ ಉಳಿದಿದ್ದಾರೆ’ ಎಂದು ಬರೆಯುವವರು ಆ ಜನಕ್ಕೆ ಅನ್ಯಾಯ ಮಾಡುತ್ತಾರೆ.

ಸೇರಿಸಿಬಿಟ್ಟ ಈ ನುಡಿಗಳಲ್ಲಿ ಏನಿದೆ ಎಂದು ಒಂದೆರಡು ಹತ್ತಿರದಿಂದ ನೋಡೋಣ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಕ್ರಿಯಾಪದದ ಕೊನೆ ಬದಲಾಗುತ್ತದೆ. ಗೊದೊಬೆರಿಯಲ್ಲಿ ಬದಲಾಗುವುದು ಮೊದಲು: ಗಂಡಸಿಗೆ ‘ವ’, ಹೆಂಗಸಿಗೆ ‘ಯ’, ಉಳಿದುದಕ್ಕೆ ‘ಬ’. ಆಂದಿಯಲ್ಲಿ ‘ನಾನು’ ಎನ್ನಲು ಗಂಡಸರು ‘ದಿನ್’ ಎಂದರೆ ಹೆಂಗಸರು ‘ದೆನ್’ ಎನ್ನುತ್ತಾರೆ. ಇನ್ನು ಉಚ್ಚಾರ. ನಾಲಿಗೆಯನ್ನು ‘ಲ’ಕ್ಕೆ ಇಡುವಲ್ಲೇ ಇಡಿ, ಗಂಟಲು ಕಂಪಿಸದಂತೆ ನಾಲಿಗೆಯ ಎರಡೂ ಪಕ್ಕದಿಂದ ಉಸಿರು ಬಿಡಿ. ಬರುವ ಸದ್ದು ಇಲ್ಲಿ ದಿನಬಳಕೆಯ ವ್ಯಂಜನ. ಅದರ ಬಿರುಸಾದ ಬಗೆಗಳೂ ಉಂಟು. ರಷ್ಯನ್ನಿನಲ್ಲಿ ಆ ಸದ್ದಿಲ್ಲ. ತ್ಲೊಂದೊದ, ತ್ಲಿಸ್ಸಿ, ಗಿಗಾತ್ಲ್ ಎಂದು ನಕ್ಷೆಯಲ್ಲಿ ಕಾಣುವ ‘ತ್ಲ’ ಅದನ್ನು ಹಿಡಿಯಲು ಗುಮಾಸ್ತರು ಮಾಡಿದ ಯತ್ನ.

ದಾಖಲೆಯ ಕೆಲಸ ಮಾತ್ರ ನಿಂತಿಲ್ಲ. ಜರ್ಮನ್ ಭಾಷಾವಿಜ್ಞಾನಿ ಅಡಾಲ್ಫ್ ಡಿರ್ 1906ರಲ್ಲಿ ಆಂದಿಯ ಕಿರು ವ್ಯಾಕರಣ ಬರೆದ. ಜಾರ್ಜಿಯಾದ ಟೋಗೊ ಗುದಾವ 1962ರಲ್ಲಿ ಬೊತ್ಲಿಖ್ ವ್ಯಾಕರಣ ಕೊಟ್ಟರು. ಪತಿಮತ್ ಮಗೊಮೆದೊವ ಚಮಲಾಲ್ (1999), ತಿಂದಿ (2003), ಬಾಗ್ವಲಾಲ್ (2004) ನಿಘಂಟುಗಳನ್ನು ತಂದರು. ಒಬ್ಬರ ಜೀವಮಾನಕ್ಕೆ ಇದು ಅಪಾರ ಕೆಲಸ.

ಈಗ ತೊಡಕು ಕೀಬೋರ್ಡಿನದು. ಈ ನಿಘಂಟುಗಳು ಅವಾರ್ ಮಾದರಿಯ ಸಿರಿಲಿಕ್, ಅಂದರೆ ರಷ್ಯನ್ ಬರೆಯುವ ಲಿಪಿ, ಬಳಸುತ್ತವೆ. ಗಂಟಲು ಮುಚ್ಚಿ ಸಿಡಿಸುವ ವ್ಯಂಜನಕ್ಕೆ ಅಕ್ಷರದ ಪಕ್ಕ ‘ಪಾಲೊಚ್ಕ’ ಎಂಬ ನೆಟ್ಟಗಿನ ಗೆರೆ ಬರುತ್ತದೆ. ರಷ್ಯನ್ ಕೀಬೋರ್ಡಿನಲ್ಲಿ ಆ ಗೆರೆ ಇಲ್ಲ. ಜನ ಅದರ ಬದಲು ಅಂಕಿ 1 ಒತ್ತುತ್ತಾರೆ, ಇಲ್ಲವೇ ಲ್ಯಾಟಿನ್ನಿನ ‘ಎಲ್’ ಅಥವಾ ‘ಐ’. ಕಣ್ಣಿಗೆ ಒಂದೇ, ಯಂತ್ರಕ್ಕೆ ನಾಲ್ಕು ಬೇರೆ ಪದ, ಹಾಗಾಗಿ ಹುಡುಕಿದರೆ ಸಿಗದು. ಪಠ್ಯ ಸಂಗ್ರಹಿಸುವವರು ಮೊದಲು ಇವನ್ನೆಲ್ಲ ನಿಜವಾದ ಪಾಲೊಚ್ಕಕ್ಕೆ ಬದಲಿಸಬೇಕು. ಅದೂ ಕ, ತ, ಪ, ಚ, ಲ ಮುಂತಾದ ಆ ಗೆರೆ ಪಡೆಯುವ ವ್ಯಂಜನಗಳ ನಂತರ ಬಂದಾಗ ಮಾತ್ರ, ಇಲ್ಲದಿದ್ದರೆ ಇಸವಿಯೊಳಗಿನ 1 ಕೂಡ ಗೆರೆಯಾಗುತ್ತದೆ. ಮೂಗಿನ ಸ್ವರವನ್ನು ತೋರಿಸಲು ಮೇಲೆ ಬರೆಯುವ ಪುಟ್ಟ ‘ನ’ ಇನ್ನೊಂದು ಸಮಸ್ಯೆ. ನಕಲು ಮಾಡಿ ಅಂಟಿಸುವಾಗ ಅದು ಪೂರ್ತಿ ‘ನ’ ಆಗಿ ಕೆಳಗಿಳಿಯುತ್ತದೆ, ಪದವೇ ಬೇರೆಯಾಗುತ್ತದೆ. ಇದನ್ನು ಯಂತ್ರ ಸರಿಪಡಿಸದು. ಆ ನುಡಿಯಾಡುವ ಒಬ್ಬರು ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಓದಿ ಹೇಳಬೇಕು.