ಕೋಡ್ ರಿವ್ಯೂನಲ್ಲಿ ಮಾತು ಬಿಸಿಯಾದಾಗ: ಪ್ಯಾಚ್ ಕಳಿಸುವವರಿಗೆ ಟಿಪ್ಪಣಿ

ಗಿಟ್, ಬ್ರ್ಯಾಂಚ್, ಪುಲ್ ರಿಕ್ವೆಸ್ಟ್ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ನೀವು ಕಳಿಸಿದ ಪ್ಯಾಚ್ (ಕೋಡ್‌ಗೆ ಮಾಡಿದ ಬದಲಾವಣೆ) ಸೇರಿಸುವ ಮೊದಲು ಬೇರೆಯವರು ಓದಿ ನೋಡುವುದೇ ಕೋಡ್ ರಿವ್ಯೂ. ಅಲ್ಲಿ ಖಾರವಾದ ಕಾಮೆಂಟ್ ಬಂದಾಗ ಏನಂತ ಉತ್ತರ ಬರೆಯಬೇಕು ಅನ್ನೋದು ಅದಕ್ಕಿಂತ ಕಷ್ಟದ ಪಾಠ.

ಸ್ವಲ್ಪ ಹಿನ್ನೆಲೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರ ನಡುವೆ ಒರಟು ಮಾತು ವರ್ಷಗಟ್ಟಲೆ ನಡೆದುಬಂದಿತ್ತು. 2015ರಲ್ಲಿ ನಡವಳಿಕೆ ಬಗ್ಗೆ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಅನ್ನೋ ಚಿಕ್ಕ ಬರಹ ಸೇರಿಸಿದರು. 2018ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ವರ್ತನೆಗೆ ಕ್ಷಮೆ ಕೇಳಿ ಕೆಲವು ವಾರ ದೂರ ಉಳಿದರು. ಕರ್ನಲ್‌ನ 4.19 ಆವೃತ್ತಿಯ ಬಿಡುಗಡೆ ಇನ್ನೊಬ್ಬ ಹಿರಿಯ ಡೆವಲಪರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಕೈಗೆ ಹೋಯಿತು. ಆಗಲೇ ಹಳೇ ಬರಹದ ಜಾಗಕ್ಕೆ 'ಕಾಂಟ್ರಿಬ್ಯೂಟರ್ ಕವನೆಂಟ್' (ಅನೇಕ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳು ಬಳಸುವ ಮಾದರಿ ನಿಯಮ) ಆಧರಿಸಿದ ನಡವಳಿಕೆ ನಿಯಮ ಬಂತು.

ಪ್ಯಾಚ್ ಕಳಿಸುವ ಬಗ್ಗೆ ಕರ್ನಲ್‌ನವರದೇ ಕೈಪಿಡಿ ಇದೆ. ರಿವ್ಯೂ ಸುಸ್ತು ಮಾಡುವ ಕೆಲಸ, ರಿವ್ಯೂ ಮಾಡುವವರು ಸಿಡುಕಬಹುದು, ಆಗಲೂ ಸೌಜನ್ಯದಿಂದ ಉತ್ತರಿಸಿ ಅವರು ತೋರಿಸಿದ ತಪ್ಪು ಸರಿಮಾಡಿ ಅನ್ನುತ್ತದೆ. ಬೈಗುಳ ನುಂಗಿಕೊಳ್ಳಿ ಅಂತ ಇದನ್ನು ಓದಬಾರದು. ದೂರು ಕೊಡೋಕೆ ಬೇರೆ ಸಮಿತಿಯೇ ಇದೆ.

ಕಾಮೆಂಟ್ ಬಿಡಿಸುವುದು (ಎಲ್ಲರೂ ಎಡವುವ ಜಾಗ)

ಇಂಥ ಕಾಮೆಂಟ್ ಬಂತು ಅಂದುಕೊಳ್ಳಿ:

"ಲಾಕ್ ಹಿಡ್ಕೊಂಡು ಫೈಲ್ ಓದ್ತಾರಾ? ಇಷ್ಟೂ ಗೊತ್ತಿಲ್ವಾ? ಫಂಕ್ಷನ್ ಹೆಸರೂ ಸರಿಯಿಲ್ಲ. ಟೆಸ್ಟ್ ಎಲ್ಲಿ?"

ನಾಲ್ಕು ವಾಕ್ಯ. ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ಓದಿ ಡಿಫ್‌ನಲ್ಲಿ (ನೀವು ಬದಲಿಸಿದ ಸಾಲುಗಳ ಪಟ್ಟಿಯಲ್ಲಿ) ಒಂದು ಸಾಲಾದರೂ ಬದಲಿಸಬಹುದಾ?

ಮೊದಲನೆಯದಕ್ಕೆ ಹೌದು. ಲಾಕ್ ಅಂದರೆ ಒಂದು ಡೇಟಾವನ್ನು ಒಂದು ಸಲಕ್ಕೆ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸಗಳಲ್ಲಿ ಒಂದು) ಮುಟ್ಟುವಂತೆ ನೋಡಿಕೊಳ್ಳುವ ಬೀಗ. ಡಿಸ್ಕ್ ನಿಧಾನ. ಓದಿ ಮುಗಿಯೋವರೆಗೂ ಲಾಕ್ ಬೇಕಾದ ಬೇರೆ ಥ್ರೆಡ್‌ಗಳೆಲ್ಲ ಸುಮ್ನೆ ಕಾಯಬೇಕು. ವಾಕ್ಯ ಚುಚ್ಚುತ್ತದೆ, ಆದರೆ ಒಳಗಿರೋದು ನಿಜವಾದ ಬಗ್. ಧಾಟಿ ನೋಡಿ ವಿಂಗಡಿಸಿದರೆ ಇದೇ ಕೈತಪ್ಪುತ್ತದೆ. ಎರಡನೆಯದಕ್ಕೆ ಇಲ್ಲ. ಮೂರನೆಯದಕ್ಕೆ ಹೌದು, ಆದರೆ ಅದು ಅಭಿಪ್ರಾಯವೋ ಷರತ್ತೋ ಗೊತ್ತಾಗುವುದಿಲ್ಲ. ನಾಲ್ಕನೆಯದು ನೇರ ಬೇಡಿಕೆ.

ಈಗ ಉತ್ತರ:

"ಫೈಲ್ ಓದುವುದನ್ನು ಲಾಕ್‌ನಿಂದ ಹೊರಗೆ ತಂದಿದ್ದೇನೆ. ಎರಡು ಥ್ರೆಡ್ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಟೆಸ್ಟ್ ಸೇರಿಸಿದ್ದೇನೆ. ಹೆಸರು ಬದಲಿಸಿದರೆ ಮಾತ್ರ ಮರ್ಜ್ ಮಾಡ್ತೀರಾ, ಇಲ್ಲ ಅದು ಸಲಹೆಯಾ?"

ಕಾಮೆಂಟ್‌ನ ಎರಡನೇ ವಾಕ್ಯಕ್ಕೆ ಇಲ್ಲಿ ಉತ್ತರವೇ ಇಲ್ಲ, ನೋಡಿ. ಕೈ ಮೊದಲು ಓಡೋದು ಅದರ ಕಡೆಗೇ. "ದಯವಿಟ್ಟು ಮರ್ಯಾದೆಯಿಂದ ಮಾತಾಡಿ" ಅನ್ನೋ ಒಂದೇ ಸಾಲು ಸೇರಿಸಿದರೂ ಮುಂದಿನ ಹತ್ತು ಕಾಮೆಂಟ್ ಮರ್ಯಾದೆ ಬಗ್ಗೆಯೇ ಆಗುತ್ತವೆ, ಲಾಕ್ ಅಲ್ಲೇ ಉಳಿಯುತ್ತದೆ. ಹೇಳಲೇಬೇಕು ಅನ್ನಿಸಿದರೆ ಪ್ರಾಜೆಕ್ಟ್ ನೋಡಿಕೊಳ್ಳುವ ಇನ್ನೊಬ್ಬರಿಗೆ ಬೇರೆಯಾಗಿ ಬರೆಯಿರಿ. ಜಾತಿ, ಲಿಂಗ, ದೇಶ ಎತ್ತಿ ಆಡಿದರೆ ವಿಂಗಡಿಸುತ್ತಾ ಕೂರಬೇಡಿ, ನೇರ ದೂರು ಕೊಡಿ.

ಹೆಸರಿನ ಬಗ್ಗೆ ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟ. ಅರ್ಧ ಜಗಳ ಹುಟ್ಟೋದೇ ಒಬ್ಬರು ಸಲಹೆ ಅಂತ ಹೇಳಿದ್ದನ್ನು ಇನ್ನೊಬ್ಬರು ಅಪ್ಪಣೆ ಅಂತ ಓದೋದರಿಂದ. ಗೂಗಲ್‌ನ ರಿವ್ಯೂ ಕೈಪಿಡಿ ಇಂಥ ಸಣ್ಣಪುಟ್ಟ ಮಾತಿನ ಮುಂದೆ 'ನಿಟ್:' ಅಂತ ಹಾಕೋಕೆ ಹೇಳುತ್ತದೆ. ಅದು ಕಂಡರೆ, ಬದಲಿಸದಿದ್ದರೂ ಪ್ಯಾಚ್ ನಿಲ್ಲುವುದಿಲ್ಲ ಅಂತ ಅರ್ಥ.

ಅವರ ಮಾತೇ ತಪ್ಪು ಅನ್ನಿಸಿದರೆ

ಅಳತೆ ಅಥವಾ ಟೆಸ್ಟ್ ಮುಂದಿಡಿ. ಅದೇ ವಾದ ಸುತ್ತುತ್ತಿದ್ದರೆ ಕಾಲ್‌ನಲ್ಲಿ ಮಾತಾಡಿ, ಏನು ತೀರ್ಮಾನವಾಯಿತು ಅಂತ ವಾಪಸ್ ಬಂದು ಕಾಮೆಂಟ್‌ನಲ್ಲಿ ಬರೆದಿಡಿ. ಇದೂ ಗೂಗಲ್ ಕೈಪಿಡಿಯಲ್ಲಿದೆ. ಆಗಲೂ ಬಗೆಹರಿಯದಿದ್ದರೆ ಮೂರನೆಯವರನ್ನು ಕರೆಯಿರಿ.

ಉತ್ತರವೇ ಬರದಿದ್ದರೆ ಅವಮಾನ ಅಂದುಕೊಳ್ಳಬೇಡಿ. ಕರ್ನಲ್‌ನಲ್ಲಿ ಮತ್ತೆ ಕೇಳುವ ಮೊದಲು ಕನಿಷ್ಠ ಒಂದು ವಾರ ಕಾಯಬೇಕು.

ನೀವೇ ರಿವ್ಯೂ ಮಾಡುವಾಗ

ವಾಕ್ಯದಲ್ಲಿ ಕೋಡ್ ಇರಲಿ, ಬರೆದವರು ಬೇಡ. "ಯಾಕೆ ಹೀಗೆ ಬರೆದ್ರಿ?" ಬದಲು "ಈ ಲೂಪ್ ಖಾಲಿ ಪಟ್ಟಿ ಬಂದರೆ ನಿಲ್ಲುವುದಿಲ್ಲ" ಅನ್ನಿ. ಎರಡನೆಯದನ್ನು ಓದಿದವರು ನೇರ ಲೂಪ್ ಇರುವ ಸಾಲಿಗೇ ಹೋಗುತ್ತಾರೆ.