ಜಾರುತ್ತಿರುವ ಸಂಕ್ರಾಂತಿ

ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಮಕರ ಸಂಕ್ರಾಂತಿಯ ದಿನ. ಈಗ ನಾವು ಎಳ್ಳು-ಬೆಲ್ಲ ಬೀರುವುದು 14ಕ್ಕೆ, ಕೆಲವು ವರ್ಷ 15ಕ್ಕೆ. 160 ವರ್ಷಗಳಲ್ಲಿ ಹಬ್ಬ ಎರಡು ದಿನ ಮುಂದಕ್ಕೆ ಜಾರಿದೆ.

ವೇಗ ಇಳಿದ ಬುಗುರಿಯನ್ನು ನೋಡಿ. ಮೊಳೆಯ ಮೇಲೆ ಗಿರಗಿರ ತಿರುಗುತ್ತಲೇ ಅದರ ತಲೆ ನಿಧಾನವಾಗಿ ಇನ್ನೊಂದು ಸುತ್ತು ಹಾಕುತ್ತಿರುತ್ತದೆ. ಭೂಮಿಯದೂ ಇದೇ ಕತೆ. ಅದರ ನಡು ಕೊಂಚ ಉಬ್ಬಿದೆ; ಆ ಉಬ್ಬನ್ನು ಚಂದ್ರನೂ ಸೂರ್ಯನೂ ಜಗ್ಗುವುದರಿಂದ ಅಕ್ಷ ಓಲಾಡುತ್ತದೆ. ಇದೇ ಅಯನ ಚಲನೆ. ಒಂದು ಸುತ್ತಿಗೆ ಸುಮಾರು 25,800 ವರ್ಷ, ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ.

ಕ್ರಿ.ಪೂ. 2ನೇ ಶತಮಾನದಲ್ಲಿ ಗ್ರೀಸಿನ ಹಿಪ್ಪಾರ್ಕಸ್ ಇದನ್ನು ಪತ್ತೆ ಮಾಡಿದ್ದು ನಮ್ಮ ಚಿತ್ತಾ ನಕ್ಷತ್ರದಿಂದ. ಆಕಾಶದಲ್ಲಿ ಅದರ ಸ್ಥಾನದ ಬಗ್ಗೆ ಸುಮಾರು ಒಂದೂವರೆ ಶತಮಾನ ಹಿಂದಿನ ಅಳತೆಗೂ ತನ್ನ ಅಳತೆಗೂ ಎರಡು ಡಿಗ್ರಿ ವ್ಯತ್ಯಾಸ ಅವನಿಗೆ ಕಂಡಿತು. ಆಗ ದೂರದರ್ಶಕ ಎಲ್ಲಿತ್ತು? ಹಿಂದಿನವರ ಲೆಕ್ಕ ಯಾರೋ ಜೋಪಾನ ಮಾಡಿಟ್ಟಿದ್ದರು, ಅಷ್ಟೇ.

ಈ ಓಲಾಟದಿಂದಾಗಿ ನಮಗೆ ಎರಡು ಬಗೆಯ ವರ್ಷಗಳಿವೆ. ಋತುಗಳ ವರ್ಷ 365.2422 ದಿನ, ನಕ್ಷತ್ರಗಳ ವರ್ಷ 365.2564 ದಿನ. ವ್ಯತ್ಯಾಸ ಬರೀ 20 ನಿಮಿಷ. ಗೋಡೆಯ ಕ್ಯಾಲೆಂಡರ್ ಋತುವಿನ ಹಿಂದೆ ಹೋದರೆ, ಸಂಕ್ರಾಂತಿಯ ಲೆಕ್ಕ ನಕ್ಷತ್ರದ ಹಿಂದೆ. ಸುಮಾರು 1,700 ವರ್ಷಗಳ ಹಿಂದೆ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಸಂಕ್ರಾಂತಿಯೂ ಒಟ್ಟಿಗೇ ಬರುತ್ತಿದ್ದವು. ಈಗ ಸೂರ್ಯ ತಿರುಗುವುದು ಡಿಸೆಂಬರ್ 21-22ಕ್ಕೇ. ಪಂಚಾಂಗವೇ ತಪ್ಪು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಕರ ಪ್ರವೇಶದ ಲೆಕ್ಕ ಸರಿಯಾಗಿಯೇ ಇದೆ, ಅದಕ್ಕೂ ಉತ್ತರಾಯಣಕ್ಕೂ ಹಾಕಿದ ಗಂಟು ಸಡಿಲವಾಗಿದೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುತ್ತದೆ. ಕಿಟಕಿಗೇನು ಪಂಚಾಂಗ ಗೊತ್ತೇ? ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲಿದ್ದಾನೆ ಎನ್ನುವುದಷ್ಟೇ ಅದಕ್ಕೆ ಬೇಕು. ಹಾಗಾಗಿಯೇ ಸೂರ್ಯ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ, ನವೆಂಬರ್ ಕೊನೆಯ ಹೊತ್ತಿಗೆ, ಅದೇ ಬೆಳಕು ಇನ್ನೊಮ್ಮೆ ಒಳಗೆ ಬರುತ್ತದೆ. ಜನ ಕ್ಯೂ ನಿಲ್ಲುವುದು ಮಾತ್ರ ಜನವರಿಯಲ್ಲಿ. ಇನ್ನು 1,200 ವರ್ಷಗಳಿಗೆ ಸಂಕ್ರಾಂತಿ ಫೆಬ್ರವರಿ ಮುಟ್ಟಿರುತ್ತದೆ. ಎಳ್ಳು-ಬೆಲ್ಲ ಹಿಡಿದು ಗುಡಿಗೆ ಬಂದವರಿಗೆ ಆ ಬಿಸಿಲು ಸಿಗದು, ಅದು ಎರಡು ವಾರ ಮೊದಲೇ ಬಂದು ಹೋಗಿರುತ್ತದೆ.